ಕಡೇ ಪಂಕ್ತಿಗೆ ಬಡಿಸುವವರು

ಹತ್ತು ದಿನದಿಂದ ನನ್ನ ಮೇಜಿನ ಮೇಲೆ ಒಂದು ಫಾರ್ಮ್ ಬಿದ್ದಿತ್ತು. ನಮ್ಮ ಚರ್ಚಿನ ಸಭೆಯಲ್ಲಿ ಡೀಕನ್ ಆಗಿ, ಅಂದರೆ ಸಭೆಯ ಕೆಲಸ ನೋಡಿಕೊಳ್ಳಲು ಆರಿಸಿದ ಸೇವಕನಾಗಿ, ನನ್ನ ಮೂರು ವರ್ಷ ಮುಗಿಯುತ್ತಾ ಬಂದಿದೆ. ಇನ್ನೊಂದು ಅವಧಿಗೆ ಮುಂದುವರಿಯುತ್ತೀರಾ ಅಂತ ಕೇಳಿ ಕಾರ್ಯದರ್ಶಿ ಕೊಟ್ಟ ಫಾರ್ಮ್ ಅದು. ಒಂದೇ ಹಾಳೆ. ಹೆಸರು, ಸಹಿ, ತಾರೀಕು. ನಡುವೆ ಒಂದು ಪ್ರಶ್ನೆ: ಯಾವ ಜವಾಬ್ದಾರಿ ವಹಿಸಿಕೊಳ್ಳಲು ಇಷ್ಟ? ಅದರ ಕೆಳಗೆ ನಾಲ್ಕು ಚೌಕ. ಲೆಕ್ಕಪತ್ರ, ಕಟ್ಟಡ, ಸೌಂಡ್ ಸಿಸ್ಟಮ್, ಆರಾಧನೆಯ ಏರ್ಪಾಡು. ಒಂದಕ್ಕೆ ಟಿಕ್ ಹಾಕಿ ಕೊಟ್ಟರೆ ಮುಗೀತು. ಹೋದ ಸಲ ಹಾಗೇ ಮಾಡಿದ್ದೆ. ಲೆಕ್ಕಪತ್ರಕ್ಕೆ ಟಿಕ್ ಹಾಕಿ, ನಿಂತ ಕಾಲಲ್ಲೇ ವಾಪಸ್ ಕೊಟ್ಟಿದ್ದೆ. ಈ ಸಲ ಪೆನ್ನು ಹಿಡಿದು ಕೂತರೂ ಕೈ ಮುಂದೆ ಹೋಗಲಿಲ್ಲ. ಫಾರ್ಮಿನಲ್ಲಿ ತಪ್ಪೇನೂ ಇಲ್ಲ. ಆ ನಾಲ್ಕೂ ಕೆಲಸ ಯಾರಾದರೂ ಮಾಡಲೇಬೇಕು. ಮಳೆ ಬಂದರೆ ಸೋರುವ ಸೂರಿನ ಕೆಳಗೆ ಎಷ್ಟು ಹೊತ್ತು ಪ್ರಾರ್ಥನೆ ಮಾಡೋಕಾಗುತ್ತೆ? ಆದರೆ ನಾಲ್ಕರಲ್ಲಿ ಮನುಷ್ಯರ ಚೌಕ ಒಂದೂ ಇಲ್ಲವಲ್ಲ ಅನ್ನೋದು ಹೋದ ಸಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಬಿತ್ತು. ಅದಕ್ಕೆ ಕಾರಣ ಎಂಟು ಕವರು.

ಎಂಟು ಕವರು

ಕಾಣಿಕೆ ಎಣಿಸುವುದು ಹೇಗೆ ಅಂತ ಡೀಕನ್ ಆದವರಿಗೆಲ್ಲ ಗೊತ್ತು. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಮೂವರು ಕೂರುತ್ತೇವೆ. ಒಬ್ಬರೇ ಯಾವತ್ತೂ ಎಣಿಸಬಾರದು, ಅದು ನಿಯಮ. ಇಬ್ಬರು ಎಣಿಸುತ್ತಾರೆ, ಒಬ್ಬರು ಬರೆಯುತ್ತಾರೆ. ನಮ್ಮಲ್ಲಿ ಪ್ರತಿ ಮನೆಗೂ ಒಂದು ನಂಬರ್ ಇದೆ. ವಾರಕ್ಕೊಂದು ಕವರಿನ ಮೇಲೆ ಆ ನಂಬರ್ ಬರೆದು ಹಾಕುತ್ತಾರೆ. ಕವರು ಒಡೆದು, ಮೊತ್ತ ನೋಡಿ, ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಬರೆದರೆ ಆಯಿತು. ನಿಜ ಹೇಳಬೇಕೆಂದರೆ ನನಗೆ ಈ ಕೆಲಸ ಇಷ್ಟ. ಅಂಕಿಗಳು ಅಳುವುದಿಲ್ಲ, ಎದುರು ಮಾತಾಡುವುದಿಲ್ಲ. ಎರಡು ಸಲ ಕೂಡಿಸಿ ಒಂದೇ ಮೊತ್ತ ಬಂದರೆ ಮನಸ್ಸಿಗೆ ನೆಮ್ಮದಿ.

ಒಂದು ಭಾನುವಾರ ತಿಂಗಳ ಲೆಕ್ಕ ಮುಗಿಸಲು ಹಿಂದಿನ ಪುಟ ತಿರುವುತ್ತಿದ್ದೆ. ಒಂದು ನಂಬರಿನ ಸಾಲಿನಲ್ಲಿ ಬರೀ ಗೀಟು. ಒಂದಾದ ಮೇಲೆ ಒಂದು, ಎಂಟು ಗೀಟು. ಅಷ್ಟೂ ನನ್ನ ಕೈಬರಹವೇ. ವಾರವಾರ ನಾನೇ ಗೀಟು ಎಳೆದು ಮುಂದಿನ ಸಾಲಿಗೆ ಹೋಗಿದ್ದೆ. ಯಾರ ನಂಬರ್ ಇದು ಅಂತ ಇನ್ನೊಂದು ಪುಸ್ತಕ ತೆಗೆದು ನೋಡಬೇಕಾಯಿತು. ವಯಸ್ಸಾದ ಒಬ್ಬ ವಿಧವೆಯದು. ಎಡಗಡೆ ಸಾಲಿನ ಹಿಂದಿನಿಂದ ಎರಡನೇ ಬೆಂಚು, ಗೋಡೆ ಬದಿ. ಅವರನ್ನು ಕೊನೆಗೆ ನೋಡಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಲು ಹೋದೆ. ಬರಲಿಲ್ಲ. ಜೊತೆಗಿದ್ದ ಇಬ್ಬರನ್ನು ಕೇಳಿದೆ. 'ಹೋದ ವಾರ ಇದ್ರು ಅಲ್ವಾ?' ಅಂದರು ಒಬ್ಬರು. ಇರಲಿಲ್ಲ.

ಅವತ್ತು ಸಂಜೆಯೇ ಹೋದೆ. ಬಾಗಿಲು ತೆಗೆಯಲು ತುಂಬಾ ಹೊತ್ತು ಹಿಡಿಯಿತು. ಗೋಡೆ ಹಿಡಿದುಕೊಂಡು ಬಂದಿದ್ದರು. ಬಚ್ಚಲಲ್ಲಿ ಕಾಲು ಜಾರಿ ಪಾದದ ಹತ್ತಿರ ಮೂಳೆ ಮುರಿದಿತ್ತಂತೆ. ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನವಾಗಿತ್ತು. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದು ಮಾಡಿದ್ದರು. ಆ ಪಕ್ಕದ ಮನೆಯವರು ಯಾವ ಚರ್ಚಿಗೂ ಹೋಗುವವರಲ್ಲ. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಅವರು ನನ್ನ ಮುಖ ನೋಡಿ, 'ಏನಪ್ಪಾ, ಲೆಕ್ಕ ಕಮ್ಮಿ ಬಂತಾ?' ಅಂದರು. ಕೊಂಕಿರಲಿಲ್ಲ. ನಿಜವಾಗಲೂ ಕೇಳಿದ್ದೇ. ನಾನು ಇಲ್ಲ ಅನ್ನಲಾರದೆ, ಹೌದು ಅನ್ನಲಾರದೆ ಕೂತಿದ್ದಾಗ, ಮಂಚದ ಪಕ್ಕದ ಡ್ರಾಯರ್ ತೆಗೆಯಲು ಹೇಳಿದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಎಂಟು ಕವರು. ಪ್ರತಿಯೊಂದರ ಮೇಲೂ ನಂಬರ್, ತಾರೀಕು. 'ವಾರವಾರ ತೆಗೆದಿಟ್ಟಿದ್ದೀನಿ. ಯಾರಾದ್ರೂ ಬಂದಾಗ ಕೊಡೋಣ ಅಂತ. ಎಣಿಸಿಕೋ.'

ಎಣಿಸಿದೆ! ಅಭ್ಯಾಸಬಲ ನೋಡಿ. ಬೆರಳಿಗೆ ಉಗುಳು ಹಚ್ಚಿಕೊಂಡು ಎಂಟೂ ಕವರು ಎಣಿಸಿ, 'ಸರಿಯಾಗಿದೆ ಅಮ್ಮಾ' ಅಂತ ಜೇಬಿಗೆ ಹಾಕಿಕೊಂಡೆ. ಮುಂದಿನ ಭಾನುವಾರ ಆ ಎಂಟು ಗೀಟುಗಳ ಮೇಲೆ ಎಂಟು ಅಂಕಿ ಬರೆದೆ. ಪುಸ್ತಕ ಸರಿಹೋಯಿತು.

ಗೊಣಗಾಟದಿಂದ ಹುಟ್ಟಿದ ಕೆಲಸ

ಡೀಕನ್ ಅನ್ನುವ ಪದ ಗ್ರೀಕ್ ಭಾಷೆಯ 'ದಿಯಾಕೊನೊಸ್'ನಿಂದ ಬಂದದ್ದು. ಸೇವಕ ಅಂತ ಅರ್ಥ. ಊಟಕ್ಕೆ ಕೂತವರಿಗೆ ಬಡಿಸುವವನಿಗೂ ಅದೇ ಪದ. ನಮ್ಮ ಬೈಬಲಿನಲ್ಲಿ 'ಸಭಾಸೇವಕ' ಅಂತಿದೆ. ಒಳ್ಳೆಯ ಪದವೇ. ಆದರೆ ಸೇವೆ ಅನ್ನುವ ಮಾತನ್ನು ನಾವು ಎಷ್ಟು ಉಜ್ಜಿದ್ದೇವೆ ಅಂದರೆ ಅದರಲ್ಲಿ ಈಗ ಎಂಜಲೆಲೆಯ ವಾಸನೆಯೇ ಉಳಿದಿಲ್ಲ. ಮಂತ್ರಿಯೂ ಸೇವೆ ಸಲ್ಲಿಸುತ್ತಾನೆ. 'ಬಡಿಸುವವನು' ಅಂದಿದ್ದರೆ ಎಷ್ಟು ಜನ ಈ ಹುದ್ದೆಗೆ ನಿಲ್ಲುತ್ತಿದ್ದರೋ! ಯೋಹಾನನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ ಇದೆಯಲ್ಲ, ಅಲ್ಲಿ ಬಾನಿಗಳಿಗೆ ನೀರು ತುಂಬಿದ ಆಳುಗಳಿಗೆ ಮೂಲದಲ್ಲಿರುವುದು ಇದೇ ದಿಯಾಕೊನೊಸ್ ಪದ. ದ್ರಾಕ್ಷಾರಸ ಎಲ್ಲಿಂದ ಬಂತು ಅಂತ ಔತಣದ ಮೇಲ್ವಿಚಾರಕನಿಗೆ ಗೊತ್ತಿರಲಿಲ್ಲ, ನೀರು ಹೊತ್ತವರಿಗೆ ಗೊತ್ತಿತ್ತು ಅಂತ ಯೋಹಾನ ಬರೆಯುತ್ತಾನೆ. ಆ ಸಾಲನ್ನು ಎಷ್ಟು ವರ್ಷ ಓದಿದ್ದೆನೋ. ಅದರ ಕೆಳಗೆ ಗೆರೆ ಎಳೆದದ್ದು ಡೀಕನ್ ಆದ ಮೇಲೆ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯ ನಿಮಗೆ ಗೊತ್ತೇ ಇದೆ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗತೊಡಗಿದರು. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ. ಆಮೇಲೆ ಏಳು ಜನರನ್ನು ಆರಿಸಿದರು. ಡೀಕನ್ ಹುದ್ದೆಯ ಬಗ್ಗೆ ಪ್ರಸಂಗ ಮಾಡುವವರೆಲ್ಲ ಇಲ್ಲಿಂದಲೇ ಶುರುಮಾಡುತ್ತಾರೆ. (ಆ ಏಳು ಜನರನ್ನು ಆ ಪುಸ್ತಕ ಬರೆದ ಲೂಕ ಎಲ್ಲೂ 'ಡೀಕನ್' ಅಂತ ಕರೆಯುವುದಿಲ್ಲ ಅನ್ನೋದು ಬೇರೆ ಮಾತು. ಬಡಿಸುವುದು ಅನ್ನುವ ಕ್ರಿಯಾಪದ ಮಾತ್ರ ಇದೆ. ಹುದ್ದೆಯ ಹೆಸರಾಗಿ ಅದು ಕಾಣಿಸುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ವಚನದಲ್ಲಿ, ಮತ್ತೆ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿ.) ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಏನೆಂದರೆ, ಅಪೊಸ್ತಲರಿಗೆ, ಅಂದರೆ ಯೇಸುವಿನ ಮೊದಲ ಶಿಷ್ಯರಿಗೆ, ವಾಕ್ಯ ಸಾರಲು ಬಿಡುವು ಬೇಕಿತ್ತು, ಅದಕ್ಕೆ ಸಣ್ಣಪುಟ್ಟ ಕೆಲಸ ನೋಡಿಕೊಳ್ಳಲು ಸಹಾಯಕರನ್ನು ಇಟ್ಟುಕೊಂಡರು. ಅಂದರೆ ಡೀಕನ್ ಅಂದರೆ ಪಾಸ್ಟರ ಹೊರೆ ಇಳಿಸುವವನು.

ಅದು ಅರ್ಧ ನಿಜ. ಇನ್ನರ್ಧ ಹೆಸರುಗಳಲ್ಲಿದೆ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಕೊನೆಯವನಂತೂ ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಕ್ಕೆ ಸೇರಿಕೊಂಡವನು. ಗೊಣಗಿದವರ ಕಡೆಯವರನ್ನೇ ಆರಿಸಿದಂತೆ ಕಾಣುತ್ತದೆ, ಅಲ್ವಾ? ಎರಡೂ ಕಡೆಯಿಂದ ಮೂರು ಮೂರು ಜನ ಅಂತ ಸಮತೂಕ ಮಾಡಲಿಲ್ಲ. ವಿಚಾರಣೆ ಸಮಿತಿ ಮಾಡಲಿಲ್ಲ. ಯಾರ ಅಜ್ಜಿಯರಿಗೆ ಊಟ ತಪ್ಪಿತ್ತೋ ಅವರ ಕೈಗೇ ಎಲ್ಲರ ಊಟವನ್ನೂ ಕೊಟ್ಟುಬಿಟ್ಟರು. ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅಂತ ನಾವು ಗಾದೆ ಹೇಳುತ್ತೇವೆ. ಹೇಳುವುದು ಸಾಮಾನ್ಯವಾಗಿ ವಶೀಲಿಬಾಜಿಯ ಬಗ್ಗೆ, ತಮಾಷೆಗೆ. ಯೆರೂಸಲೇಮಿನವರು ಆ ಗಾದೆಯನ್ನು ನಿಜ ಮಾಡಿಬಿಟ್ಟರು. ಬಡಿಸುವವನನ್ನೇ ಕಡೇ ಪಂಕ್ತಿಯಿಂದ ಎಬ್ಬಿಸಿಕೊಂಡು ಬಂದರು.

ನಮ್ಮಲ್ಲಿ ಡೀಕನ್ನರನ್ನು ಆರಿಸುವಾಗ ನಾವು ಎಲ್ಲಿ ನೋಡುತ್ತೇವೆ? ಮುಂದಿನ ನಾಲ್ಕು ಬೆಂಚು. ಲೆಕ್ಕ ಬರುವವರು, ಮೀಟಿಂಗಿನಲ್ಲಿ ಮಾತಾಡಬಲ್ಲವರು, ಸ್ವಂತ ಗಾಡಿ ಇರುವವರು. ನನ್ನನ್ನು ಆರಿಸಿದ್ದೂ ಹಾಗೇ. ನನಗೆ ಈ ಸಭೆಯಲ್ಲಿ ಯಾವತ್ತೂ ಏನೂ ತಪ್ಪಿಲ್ಲ. ತಪ್ಪಿದವರ ಕಷ್ಟ ನನಗೆ ತಾನಾಗಿ ಗೊತ್ತಾಗುವುದಿಲ್ಲ, ರಿಜಿಸ್ಟರ್ ಹೇಳಬೇಕು.

ಕಣ್ಣು ಮುಚ್ಚದ ಮನುಷ್ಯ

ನಾನು ಚಿಕ್ಕವನಿದ್ದಾಗ ನಮ್ಮ ಸಭೆಯಲ್ಲಿ ಒಬ್ಬರು ಹಿರಿಯ ಡೀಕನ್ ಇದ್ದರು. ಬಾಗಿಲ ಪಕ್ಕದ ಕೊನೆ ಬೆಂಚೇ ಅವರ ಜಾಗ. ಪಾಠ ಓದಲು ಕರೆದರೆ ಬೇರೆಯವರನ್ನು ಕಳಿಸುತ್ತಿದ್ದರು. ಹಾಡುವಾಗಲೂ ಪುಸ್ತಕದ ಕಡೆ ನೋಡುತ್ತಿರಲಿಲ್ಲ. ಒಂದು ಭಾನುವಾರ ದೊಡ್ಡ ಪ್ರಾರ್ಥನೆಯ ಹೊತ್ತಿಗೆ ನನಗೆ ಬೇಜಾರಾಗಿ ಕಣ್ಣು ಬಿಟ್ಟು ಹಿಂದೆ ತಿರುಗಿದೆ. ಸಭೆಗೆ ಸಭೆಯೇ ತಲೆ ತಗ್ಗಿಸಿದೆ, ಇವರೊಬ್ಬರು ಕಣ್ಣರಳಿಸಿಕೊಂಡು ಕೂತಿದ್ದಾರೆ. ನನ್ನನ್ನು ನೋಡಿ ಹುಬ್ಬು ಹಾರಿಸಿದರು. ನಾನು ಮನೆಗೆ ಹೋಗಿ ಅಪ್ಪನ ಹತ್ತಿರ ಚಾಡಿ ಹೇಳಿದೆ. ಕಣ್ಣು ಬಿಟ್ಟದ್ದು ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿ ನನ್ನ ಕಿವಿ ಹಿಂಡಿದರು, ಅದು ಬಿಡಿ.

ದೊಡ್ಡವನಾದ ಮೇಲೆ ಒಂದು ಸಲ ಅವರನ್ನೇ ಕೇಳಿದೆ. 'ಎಲ್ಲರೂ ಮುಚ್ಚಿದ್ರೆ ನೋಡೋರು ಯಾರು?' ಅಂದರು. ಅಷ್ಟೇ ಉತ್ತರ. ಅವರು ನೋಡುತ್ತಿದ್ದದ್ದು ಏನು ಅಂತ ಆಮೇಲೆ ಬೇರೆಯವರಿಂದ ತುಣುಕು ತುಣುಕಾಗಿ ಗೊತ್ತಾಯಿತು. ಯಾರು ತಡವಾಗಿ ಬಂದು ನಿಂತೇ ಇದ್ದಾರೆ. ಯಾವ ಗಂಡ ಹೆಂಡತಿ ನಡುವೆ ಒಂದು ಬ್ಯಾಗು ಇಟ್ಟುಕೊಂಡು ಕೂತಿದ್ದಾರೆ. ಯಾವ ಹುಡುಗಿಗೆ ಮೂರು ವಾರದಿಂದ ಅದೇ ಚಪ್ಪಲಿ, ಅದೂ ಪಿನ್ನು ಹಾಕಿದ್ದು. ಯಾರ ಜಾಗ ಖಾಲಿ. ಆರಾಧನೆ ಮುಗಿಯುವ ಮೊದಲೇ ಎದ್ದು ಹೋಗಿ ಮೆಟ್ಟಿಲ ಹತ್ತಿರ ನಿಂತಿರುತ್ತಿದ್ದರು. ಕೈ ಕುಲುಕುವುದು ಕಮ್ಮಿ. ಒಬ್ಬರನ್ನೋ ಇಬ್ಬರನ್ನೋ ಬದಿಗೆ ಕರೆದು ಏನೋ ಕೇಳುತ್ತಿದ್ದರು. ಆ ಪಿನ್ನಿನ ಚಪ್ಪಲಿಯ ಹುಡುಗಿ ಈಗ ನಮ್ಮ ಭಾನುವಾರ ಶಾಲೆಯಲ್ಲಿ ಕಲಿಸುತ್ತಾಳೆ. ಹೊಸ ಚಪ್ಪಲಿ ಮನೆ ಬಾಗಿಲಿಗೆ ಬಂದದ್ದು ಯಾರಿಂದ ಅಂತ ಅವಳ ತಾಯಿಗೂ ತುಂಬಾ ದಿನ ಗೊತ್ತಿರಲಿಲ್ಲವಂತೆ.

ಇದು ಅವರ ಸ್ವಭಾವ ಅಂದುಕೊಂಡಿದ್ದೆ. ಹಾಗಲ್ಲ, ಇದು ಹುದ್ದೆಯ ಹಳೆಯ ಕೆಲಸವೇ ಅಂತ ಗೊತ್ತಾದದ್ದು ತೀರಾ ಈಚೆಗೆ. ಮೂರನೇ ಶತಮಾನದಲ್ಲಿ ಸಿರಿಯಾ ಕಡೆ ಬರೆದ 'ದಿದಸ್ಕಾಲಿಯಾ' ಅನ್ನುವ ಸಭಾ ಕೈಪಿಡಿಯಲ್ಲಿ ಡೀಕನ್ನರು ಆರಾಧನೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಹೇಳಿದೆ. ಒಬ್ಬ ಕಾಣಿಕೆಗಳ ಹತ್ತಿರ. ಇನ್ನೊಬ್ಬ ಬಾಗಿಲ ಹತ್ತಿರ, ಒಳಗೆ ಬರುವವರನ್ನು ನೋಡುತ್ತಾ. ಯಾರೂ ಪಿಸುಗುಟ್ಟದ ಹಾಗೆ, ತೂಕಡಿಸದ ಹಾಗೆ, ನಗದ ಹಾಗೆ, ಸನ್ನೆ ಮಾಡದ ಹಾಗೆ ನೋಡಿಕೊಳ್ಳುವುದೂ ಡೀಕನ್ನನ ಕೆಲಸ. (ಆ ಕಾಲದಲ್ಲೂ ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದರು ಅನ್ನೋದು ನನಗೆ ದೊಡ್ಡ ಸಮಾಧಾನ.) ಬಡವರೋ ಮುದುಕರೋ ಬಂದು ಜಾಗವಿಲ್ಲದಿದ್ದರೆ ಬಿಷಪ್ಪನೇ ಜಾಗ ಮಾಡಿಕೊಡಬೇಕು, ತಾನು ನೆಲದ ಮೇಲೆ ಕೂರಬೇಕಾಗಿ ಬಂದರೂ ಸರಿ ಅಂತಲೂ ಅದರಲ್ಲಿದೆ. ಡೀಕನ್ ಬಿಷಪ್ಪನ ಕಿವಿಯಾಗಿರಬೇಕು, ಬಾಯಿಯಾಗಿರಬೇಕು, ಹೃದಯವಾಗಿರಬೇಕು ಅನ್ನುತ್ತದೆ ಆ ಪುಸ್ತಕ. ಕಾಣಿಕೆಗೊಬ್ಬ, ಬಾಗಿಲಿಗೊಬ್ಬ. ನಮ್ಮಲ್ಲಿ ಕಾಣಿಕೆಗೆ ಮೂವರಿದ್ದೇವೆ.

ಅದಕ್ಕಿಂತ ಹಿಂದೆ, ಸುಮಾರು 155ರ ಹೊತ್ತಿಗೆ, ರೋಮಿನಲ್ಲಿದ್ದ ಜಸ್ಟಿನ್ ಅನ್ನುವ ಕ್ರೈಸ್ತ ಲೇಖಕ ಕ್ರೈಸ್ತರ ಆರಾಧನೆ ಹೇಗಿರುತ್ತದೆ ಅಂತ ಚಕ್ರವರ್ತಿಗೆ ವಿವರಿಸಿ ಬರೆದ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಡೀಕನ್ನರು ಅಲ್ಲಿದ್ದವರಿಗೆ ಕೊಡುತ್ತಾರೆ, ಬಾರದವರಿಗೆ ಕೊಂಡುಹೋಗುತ್ತಾರೆ ಅಂತ ಅದರಲ್ಲಿದೆ. ಬಾರದವರಿಗೆ ಕೊಂಡುಹೋಗಬೇಕಾದರೆ ಯಾರು ಬಂದಿಲ್ಲ ಅನ್ನೋದು ಅವತ್ತೇ ಗೊತ್ತಿರಬೇಕು. ಎಂಟು ವಾರ ಆದ ಮೇಲಲ್ಲ.

ಕೀಲಿಕೈ ಸಿಕ್ಕ ಮೇಲೆ

ಇಷ್ಟು ಓದಿ 'ಹಳೆಯ ಕಾಲವೇ ಚೆನ್ನಾಗಿತ್ತು' ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಹಳೆಯ ಕಾಲದವರೂ ನಮ್ಮ ಹಾಗೇ ಜಾರಿದರು, ನಮಗಿಂತ ಜೋರಾಗಿ ಜಾರಿದರು. ಹೇಗೆ ಅಂತ ನೋಡಿ. 251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಒಂದು ಪತ್ರವನ್ನು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಅದರ ಪ್ರಕಾರ ರೋಮಿನ ಸಭೆಯಲ್ಲಿ 46 ಹಿರಿಯರು (ಅಂದರೆ ಪಾದ್ರಿಗಳು), 7 ಜನ ಡೀಕನ್ನರು, 7 ಉಪ ಡೀಕನ್ನರು. ಸಭೆ ಸಾಕುತ್ತಿದ್ದ ವಿಧವೆಯರು, ಕಷ್ಟದಲ್ಲಿರುವವರು 1500ಕ್ಕೂ ಜಾಸ್ತಿ. ಹಿರಿಯರು 46 ಇದ್ದರೂ ಡೀಕನ್ನರು ಏಳೇ, ಯೆರೂಸಲೇಮಿನ ಆ ಏಳರ ಲೆಕ್ಕ. ಅಂಥ ದೊಡ್ಡ ಸಭೆಯ ದುಡ್ಡು ಹಂಚಿಕೆಯಾಗುವುದು ಏಳು ಜನರ ಕೈಯಿಂದ. ಏಳು ಜನರ ಹತ್ತಿರ ಕೀಲಿಕೈ ಇದ್ದರೆ ಏನಾಗುತ್ತೆ ಅಂತ ಊಹಿಸೋಕೆ ಮೂರು ವರ್ಷ ಡೀಕನ್ ಆಗಿದ್ದವನಿಗೆ ಕಷ್ಟವಿಲ್ಲ.

ಆ ಏಳರಲ್ಲಿ ಲಾರೆನ್ಸನಂಥವರೂ ಬಂದರು. 258ರ ಆಗಸ್ಟಿನಲ್ಲಿ, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಕೊಲ್ಲಲ್ಪಟ್ಟ ಡೀಕನ್. ಸಭೆಯ ನಿಧಿ ತಂದೊಪ್ಪಿಸು ಅಂದಾಗ ಬಡವರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ ಅನ್ನುವ ಕಥೆ ಅವನ ಬಗ್ಗೆ ಪರಂಪರೆಯಲ್ಲಿ ಬಂದಿದೆ. ಆದರೆ ಹೆಚ್ಚು ಕಮ್ಮಿ ಎಪ್ಪತ್ತು ವರ್ಷ ಕಳೆದು 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ನೋಡಿ. ಅಲ್ಲಿ ವಿಶ್ವಾಸಪ್ರಮಾಣ ಬರೆದರು ಅಂತ ಎಲ್ಲರಿಗೂ ಗೊತ್ತು. ಅದೇ ಸಭೆ ಮಾಡಿದ 20 ನಿಯಮಗಳಲ್ಲಿ 18ನೆಯದು ಡೀಕನ್ನರ ಕಿವಿ ಹಿಂಡುವುದಕ್ಕೇ ಇದೆ. ಕೆಲವು ಕಡೆ ಡೀಕನ್ನರು ಹಿರಿಯರಿಗೇ ಕರ್ತನ ಭೋಜನದ ಸಂಸ್ಕಾರ ಕೊಡುತ್ತಿದ್ದಾರಂತೆ, ಕೆಲವರು ಬಿಷಪ್ಪರಿಗಿಂತ ಮೊದಲೇ ತಾವು ತೆಗೆದುಕೊಳ್ಳುತ್ತಿದ್ದಾರಂತೆ, ಇದೆಲ್ಲ ನಿಲ್ಲಬೇಕು, ಡೀಕನ್ನರು ಹಿರಿಯರ ಸಾಲಿನಲ್ಲಿ ಕೂರಲೂಬಾರದು. ಬಡಿಸುವವನು ತಾನೇ ಮೊದಲ ಪಂಕ್ತಿಗೆ ಕೂತುಬಿಟ್ಟ! ಆಮೇಲೆ ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಕೂಡ ರೋಮಿನ ಡೀಕನ್ನರ ಜಂಬದ ಬಗ್ಗೆ ಖಾರವಾಗಿ ಬರೆದ. ಮೇಜಿಗೂ ವಿಧವೆಯರಿಗೂ ಸೇವಕನಾಗಿರುವವನು ಹೀಗೆ ಬೀಗಬಹುದೇ ಅನ್ನುವ ಧಾಟಿ ಅದರದ್ದು.

ನಿಯಮ ಬಿಗಿಮಾಡುತ್ತಾ ಮಾಡುತ್ತಾ ಪಶ್ಚಿಮದ ಸಭೆಯಲ್ಲಿ ಡೀಕನ್ ಅನ್ನೋದು ಪಾದ್ರಿಯಾಗುವ ದಾರಿಯಲ್ಲಿ ಒಂದು ಮೆಟ್ಟಿಲು ಮಾತ್ರವಾಯಿತು. ಕ್ಯಾಥೊಲಿಕರು ಅದನ್ನು ಸ್ವಂತ ಹುದ್ದೆಯಾಗಿ ಮತ್ತೆ ಎಬ್ಬಿಸಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1967ರಲ್ಲಿ. ಮದುವೆಯಾದವರೂ ಕಾಯಂ ಡೀಕನ್ ಆಗಬಹುದು ಅಂತಾಯಿತು. ಅದಕ್ಕೂ ಬಹಳ ಮೊದಲೇ, 1541ರಲ್ಲಿ, ಜಿನೀವಾದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಡೀಕನ್ನರನ್ನು ಎರಡು ಬಗೆ ಮಾಡಿದ್ದ. ದುಡ್ಡು ನೋಡಿಕೊಳ್ಳುವವರು ಒಂದು ಬಗೆ, ರೋಗಿಗಳನ್ನೂ ಬಡವರನ್ನೂ ನೋಡಿಕೊಳ್ಳುವವರು ಇನ್ನೊಂದು ಬಗೆ. ಆ ಎರಡನೇ ಬಗೆ ನಮ್ಮ ಫಾರ್ಮಿನಲ್ಲಿ ಎಲ್ಲಿ ಕಳೆದುಹೋಯಿತೋ! ಹೆಂಗಸರ ವಿಷಯ ತೆಗೆದರೆ ಅದೇ ಇನ್ನೊಂದು ಬರಹವಾಗುತ್ತದೆ. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಕೆಂಖ್ರೆಯ ಸಭೆಯ ಫೊಯಿಬೆ ಅನ್ನುವ ಹೆಂಗಸನ್ನು ಕರೆಯುವುದು ಇದೇ ದಿಯಾಕೊನೊಸ್ ಪದದಿಂದ. ನಮ್ಮ ಸಭೆಯಲ್ಲಿ ಕಾಯಿಲೆ ಬಿದ್ದವರ ಮನೆಗೆ ಯಾರಾದರೂ ಹೋಗುತ್ತಾರೆ ಅಂದರೆ ಅದು ಹೆಂಗಸರೇ. ಡೀಕನ್ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ನಮ್ಮ ಮೀಟಿಂಗುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಆ ಕವರುಗಳ ನಂತರ ಬಂದ ಮೀಟಿಂಗಿನಲ್ಲಿ ಹೊಸ ಮೈಕಿನ ಬಗ್ಗೆ ಒಂದೂವರೆ ಗಂಟೆ ಮಾತಾಡಿದೆವು. ಕೊನೆಗೆ ನಾನು ಬಾಯಿ ಬಿಟ್ಟು, ಎರಡು ವಾರ ಬಾರದವರ ಮನೆಗೆ ಯಾರಾದರೂ ಹೋಗಿ ಬರುವ ಏರ್ಪಾಡು ಮಾಡೋಣವಾ ಅಂದೆ. ಯಾರೂ ಬೇಡ ಅನ್ನಲಿಲ್ಲ. 'ಒಳ್ಳೇ ವಿಚಾರ ಬ್ರದರ್' ಅಂದರು. 'ಪಾಸ್ಟರ್ ಹತ್ತಿರ ಹೇಳೋಣ' ಅಂದರು. ಆಮೇಲೆ ಪ್ರಾರ್ಥನೆ ಮಾಡಿ ಎದ್ದೆವು. ನಾನು ಅವರನ್ನು ದೂರುತ್ತಿಲ್ಲ. ಪ್ರಾರ್ಥನೆಯಲ್ಲಿ ನಾನೂ ಕಣ್ಣು ಮುಚ್ಚಿಕೊಂಡೇ ಇದ್ದೆ.

ಆ ಅಮ್ಮ ಈಗ ಕೋಲು ಹಿಡಿದು ಬರುತ್ತಾರೆ. ಅದೇ ಗೋಡೆ ಬದಿಯ ಜಾಗ. ಒಂದೆರಡು ಸಲ ಅವರ ಪಕ್ಕ ಹೋಗಿ ಕೂತೆ. ಅಲ್ಲಿಂದ ನೋಡಿದರೆ ಸಭೆ ಬೇರೆಯೇ ಕಾಣಿಸುತ್ತದೆ. ಬರೀ ಬೆನ್ನುಗಳು. ಕಂಬದ ಮರೆಯಲ್ಲಿ ಪ್ರಸಂಗವೇದಿಯ ಅರ್ಧ ಮಾತ್ರ. ಕರ್ತನ ಭೋಜನದ ತಟ್ಟೆ ಇಲ್ಲಿಗೆ ಬರುವ ಹೊತ್ತಿಗೆ ಮುಂದಿನವರು ಕೊನೆಯ ಹಾಡಿಗೆ ಪುಟ ತಿರುವುತ್ತಿರುತ್ತಾರೆ. ಮೂರು ವರ್ಷ ಆ ತಟ್ಟೆಯನ್ನು ಹಿಡಿದು ಬಂದವನು ನಾನೇ. ಬಂದು ಕೊಟ್ಟು ತಿರುಗಿ ಹೋಗುತ್ತಿದ್ದೆ, ಅಷ್ಟೇ. ಈ ಜಾಗಕ್ಕೆ ಅದು ತಡವಾಗಿ ಬರುತ್ತದೆ ಅನ್ನೋದು ಕೂತು ಕಾದಾಗಲೇ ಗೊತ್ತಾದದ್ದು.

ಹೋದ ಶನಿವಾರ ಫಾರ್ಮ್ ತುಂಬಿದೆ. ನಾಲ್ಕು ಚೌಕಗಳನ್ನೂ ಹಾಗೇ ಬಿಟ್ಟು, ಕೆಳಗೆ ಐದನೆಯದೊಂದು ಚೌಕ ಕೈಯಿಂದಲೇ ಬರೆದೆ. ಅದರ ಮುಂದೆ 'ಬಾಗಿಲು' ಅಂತ ಬರೆದು ಟಿಕ್ ಹಾಕಿದೆ. ಸಹಿ ಮಾಡಿ ಕಾರ್ಯದರ್ಶಿಯ ಕೈಗೆ ಕೊಟ್ಟು ಬಂದೆ. ಸೋಮವಾರ ರಾತ್ರಿ ಅವರ ಫೋನ್ ಬಂತು.

'ಬ್ರದರ್, ಬಾಗಿಲು ಅಂತ ಬರೆದಿದ್ದೀರಲ್ಲ. ಯಾವ ಬಾಗಿಲು?'

'ದೊಡ್ಡ ಬಾಗಿಲೇ. ಜನ ಬರೋದು.'

'ಅದರ ಚಿಲಕ ಹೋದ ತಿಂಗಳೇ ಸರಿ ಮಾಡಿಸಿದ್ವಲ್ಲ?'

ಏನು ಹೇಳಬೇಕೋ ತೋಚದೆ ಸುಮ್ನಿದ್ದೆ. ಆ ಕಡೆ ಪೇಪರ್ ಮಗುಚುವ ಸದ್ದು ಕೇಳಿಸಿತು.

'ಇರಲಿ ಬಿಡಿ, ಸದ್ಯಕ್ಕೆ ಕಟ್ಟಡದ ಕೆಳಗೆ ಸೇರಿಸಿರ್ತೀನಿ' ಅಂದರು.